ಹೋದ ಜನ್ಮದ ನೋವು

ರಾಜಾಜಿನಗರದ ಬೋಲ್ಟು ಕಾರ್ಖಾನೆಯ ಯಜಮಾನರಿಗೆ ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಸುಧಾರಣೆಯ ಹುಚ್ಚು ಹಿಡಿಯಿತು. ಕೆಮ್ಮಿಗೂ ಕಾಲುನೋವಿಗೂ ಮಾತ್ರೆ ಕೊಡುತ್ತಿದ್ದ ಒಳಗಿನ ದವಾಖಾನೆಗೆ ಬೀಗ ಜಡಿದು, ಕೆಲಸಗಾರರ ಕುಟುಂಬಗಳಿಗೆಲ್ಲ ಆರೋಗ್ಯ ವಿಮೆ ಮಾಡಿಸಿದರು. ವಿಮಾ ಕಂಪನಿಯವರು ಬಂದು ಹಾರ ಹಾಕಿಸಿಕೊಂಡು, ಮೈಸೂರು ಪಾಕು ತಿಂದು, ಇನ್ನು ನಿಮಗೆ ರಾಜೋಪಚಾರ ಎಂದು ಭಾಷಣ ಬಿಗಿದು ಹೋದರು. ಲೇತ್ ಕೆಲಸದ ಕೆಂಚಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಆರು ತಿಂಗಳಿಗೆ ಅವನ ಹೆಂಡತಿ ಅಂಜಮ್ಮನಿಗೆ ಪಕ್ಕೆಯಲ್ಲಿ ನೋವು ಶುರುವಾಯಿತು. ಬಸವೇಶ್ವರನಗರದ ನರ್ಸಿಂಗ್ ಹೋಮಿನವರು ಪಿತ್ತಕೋಶದಲ್ಲಿ ಕಲ್ಲಿದೆ, ಬೇಗ ಆಪರೇಷನ್ ಮಾಡದಿದ್ದರೆ ಜೀವಕ್ಕೇ ಅಪಾಯ ಎಂದರು. ಆದರೆ ವಿಮೆಯವರು ಹೂಂ ಅನ್ನದೆ ಕತ್ತರಿ ಮುಟ್ಟುವುದಿಲ್ಲ ಎಂದೂ ಸೇರಿಸಿದರು. ಹೂಂ ಅನ್ನುವ ಮೊದಲು ವಿಮಾ ಕಂಪನಿಯ ಡಾಕ್ಟರು ಅಂಜಮ್ಮನನ್ನು ಕೂರಿಸಿಕೊಂಡು ಕೇಳಿದರು.

"ಯಾವಾಗಿಂದಮ್ಮ ಈ ನೋವು?"

ಅವಳಿದ್ದ ಕುರುಬರಹಳ್ಳಿಯಲ್ಲಿ ಯಾವ ಹೆಂಗಸು ನೋವಿಗೆ ತಾರೀಖು ಹೇಳುತ್ತಾಳೆ? "ಹೋದ ಜನ್ಮದ್ದು ಸಾರ್," ಎಂದಳು ಅಂಜಮ್ಮ. "ಪಡ್ಕೊಂಡ್ ಬಂದಿದ್ದು, ಅನುಭವಿಸ್ಬೇಕು."

ಡಾಕ್ಟರ ಮುಖ ಅರಳಿತು. ವಿಮೆ ಮಾಡಿಸುವುದಕ್ಕೂ ಮುಂಚೆಯೇ ಇದ್ದ ಕಾಯಿಲೆಗೆ ಕಂಪನಿ ಜವಾಬ್ದಾರಿಯಲ್ಲ ಎಂದುಬಿಟ್ಟರು. ಕೆಂಚಪ್ಪ ಕಾಲು ಹಿಡಿಯುವುದೊಂದು ಬಾಕಿ.

"ಸಾರ್, ಅದು ಸುಮ್ನೆ ಮಾತಿಗೆ ಹೇಳೋದು."

"ನಾನೇನ್ ಮಾಡ್ಲಪ್ಪ, ಪೇಷೆಂಟೇ ಒಪ್ಕೊಂಡಿದಾರಲ್ಲ."

ಯಜಮಾನರೂ ಅದನ್ನೇ ಹೇಳಿದರು. ಪುನರ್ಜನ್ಮದಲ್ಲಿ ಇಷ್ಟು ನಂಬಿಕೆ ಇರುವವರನ್ನು ಕೆಂಚಪ್ಪ ಮಠದಲ್ಲೂ ಕಂಡಿರಲಿಲ್ಲ. ಥೂ, ಇವರ ಸುಧಾರಣೆಗಿಷ್ಟು ಬೆಂಕಿ ಹಾಕ ಎಂದು ಶಪಿಸುತ್ತ ಮನೆಗೆ ಬಂದ. ಯಜಮಾನರ ಮುಂದೆ ತೋರಿಸಲಾಗದ ಸಿಟ್ಟೆಲ್ಲ ಹೆಂಡತಿಯ ಮೇಲೆ ತಿರುಗಿತು.

"ನಿನ್ ಬಾಯಿ ನೆಟ್ಟಗಿದ್ದಿದ್ರೆ ಇಷ್ಟೊತ್ತಿಗೆ ಆಪರೇಷನ್ ಆಗಿರೋದು ಕಣೇ. ಇನ್ಮೇಲೆ ಯಾವ ಡಾಕ್ಟ್ರು ಕೇಳಿದ್ರೂ ಹೊಸ ನೋವು ಅನ್ನು. ಹಳೇದು ಅಂತ ಉಸಿರೆತ್ತಬೇಡ."

ಅಂಜಮ್ಮ ತಲೆಯಾಡಿಸಿದಳು. ನೋವಿಗಿಂತ ಅವಳಿಗೆ ತನ್ನ ಬಾಯಿಯ ಭಯವೇ ಹೆಚ್ಚಾಯಿತು.

ವಾರದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದರು. ಹೆಂಗಸರನ್ನು ನೋಡುವ ಕೋಣೆಯೊಳಗೆ ಗಂಡಸರನ್ನು ಬಿಡಲಿಲ್ಲ, ಕೆಂಚಪ್ಪ ಹೊರಗೇ ನಿಂತ. ಸ್ವಲ್ಪ ಹೊತ್ತಿಗೆ ಅಂಜಮ್ಮ ಪಕ್ಕೆ ಹಿಡಿದುಕೊಂಡೇ ನಗುತ್ತ ಬಂದಳು.

"ಈ ಸಲ ಸರ್ಯಾಗ್ ಹೇಳ್ದೆ ಕಣ್ರೀ. ಇವತ್ತು ಬೆಳಿಗ್ಗೆಯಿಂದ ಅಂದೆ."

"ಕಲ್ಲಿನ ವಿಷ್ಯ?"

"ಹಳೇದು ಅಂದ್ಬಿಟ್ರೆ? ಅದಕ್ಕೇ ಹೇಳ್ಲಿಲ್ಲ. ಗ್ಯಾಸು, ಮನೆಗೆ ಹೋಗಮ್ಮ ಅಂದ್ರು." ಅಂಗೈ ಬಿಚ್ಚಿ ಮಾತ್ರೆ ತೋರಿಸಿದಳು.

ಕೆಂಚಪ್ಪ ತಡೆದವರನ್ನು ತಳ್ಳಿ ಒಳಗೆ ನುಗ್ಗಿದ. ಡಾಕ್ಟರು ಎದ್ದು ಹೋಗಿಯಾಗಿತ್ತು. ಬಯ್ಯೋಣವೆಂದರೆ ಈ ಸಲ ತನ್ನನ್ನು ಬಿಟ್ಟು ಬೇರೆ ಯಾರೂ ಅವನಿಗೆ ಸಿಗಲಿಲ್ಲ.