ಅಪ್ಪನ ಭಾನುವಾರ

ಬಸ್ಸಿನ ಕೊನೇ ಸ್ಟಾಪಿನಲ್ಲಿ ಅಪ್ಪ ಇಳಿದ. ಹಿಂದಿನ ಬಾಗಿಲಿನಿಂದ ಮಗಳೂ ಇಳಿದಳು, ಅವನಿಗೆ ಗುರುತು ಸಿಗದಂತೆ ತಲೆಗೆ ಸ್ಕಾರ್ಫ್ ಸುತ್ತಿಕೊಂಡು. ನಗರ ಅಲ್ಲಿಗೆ ಮುಗಿದು ಕಡಲಂಚಿನ ರಾಷ್ಟ್ರೀಯ ಉದ್ಯಾನ ಶುರುವಾಗುತ್ತಿತ್ತು. ಕುರುಚಲು ಕಾಡು, ಬಂಡೆ, ಕೆಳಗೆ ಸಮುದ್ರ.

ಜೀವಮಾನವೆಲ್ಲ ಟೈಲರ್ ಆಗಿದ್ದವನು. ಅಮ್ಮ ಹೋದಮೇಲೆ ಕೈ ನಡುಗುತ್ತೆ ಅಂತ ಅಂಗಡಿ ಮುಚ್ಚಿ ಮಗಳ ಮನೆ ಸೇರಿದ್ದ. ಈಗ ಭಾನುವಾರ ಬಂತೆಂದರೆ ಇಸ್ತ್ರಿ ಅಂಗಿ ತೊಟ್ಟು ಗಾಳಿ ಕುಡಿಯೋಕೆ ಹೊರಡುತ್ತಾನಂತೆ! ಯಾರ ಕಿವಿ ಮೇಲೆ ಹೂವಿಡುತ್ತಾನೆ? ಅರವತ್ತಕ್ಕೆ ಅರಳು ಮರಳು ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಟಿಕೆಟ್ ಕಿಟಕಿಯ ಹೆಂಗಸು ಅಪ್ಪನನ್ನು ಕಂಡಿದ್ದೇ ಮುಖ ಅರಳಿಸಿ, "ಊಟದ ಹೊತ್ತಿಗೆ ಬರ್ತೀನಿ ಮಾಸ್ಟ್ರೇ" ಅಂದಳು. ಮಗಳು ಸ್ಕಾರ್ಫನ್ನು ಹಣೆಯವರೆಗೆ ಎಳೆದುಕೊಂಡಳು. ಅಮ್ಮ ಹೋಗಿ ವರ್ಷ ತುಂಬಿಲ್ಲ, ಆಗಲೇ ಮರೆತನಾ?

ಅಪ್ಪ ಸಮುದ್ರಕ್ಕೆ ಮುಖ ಮಾಡಿದ ಬೆಂಚಿನಲ್ಲಿ ಕೂತ. ಮಗಳು ಪೊದೆಯ ಹಿಂದೆ, 'ಪ್ರಾಣಿಗಳಿಗೆ ತೊಂದರೆ ಕೊಡಬೇಡಿ' ಎಂಬ ಬೋರ್ಡಿನ ಪಕ್ಕದಲ್ಲಿ ಸೊಳ್ಳೆ ಕಡಿಸಿಕೊಳ್ಳುತ್ತ ನಿಂತಳು. ಕೊನೆಗೂ ಆ ಹೆಂಗಸು ಬಂದಳು. ಬಂದವಳೇ ಯೂನಿಫಾರ್ಮಿನ ಕೋಟು ಬಿಚ್ಚಿ ಅಪ್ಪನ ತೊಡೆ ಮೇಲಿಟ್ಟಳು.

ಇನ್ನು ತಡೆಯೋದುಂಟೆ!

"ಅಪ್ಪಾ! ಏನಿದು ನಿನ್ನ ವೇಷ?"

ಅಪ್ಪ ಬೆಚ್ಚಿಬಿದ್ದು ಕೈಗಳನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡ. ಅಪ್ಪ ತನಗೆ ಹೆದರಿದ್ದನ್ನು ಅವಳು ಈವರೆಗೆ ನೋಡಿರಲಿಲ್ಲ.

"ಗುಂಡಿಗೆ ಕಾಜ ಹೊಲೀತಿದಾರೆ ಕಣಮ್ಮ," ಹೆಂಗಸು ನಕ್ಕಳು. "ಎಷ್ಟೋ ವಾರದಿಂದ ಒಂದೇ ಕಾಜ. ನಂಗೂ ಅವಸರ ಇಲ್ಲ, ಅವರಿಗೂ ಇಲ್ಲ."

"ಮನೇಲಿ ಸೂಜಿ ಮುಟ್ಟಲ್ಲ ಅಂತೀಯಲ್ಲಪ್ಪ. ಕೈ ನಡುಗೋದು ನಮ್ಮನೇಲಿ ಮಾತ್ರಾನಾ?"

"ಇಲ್ಲೂ ನಡುಗುತ್ತೆ ಕಣೆ." ಅಪ್ಪ ಸಮುದ್ರ ನೋಡುತ್ತ ಹೇಳಿದ. "ಮನೇಲಿ ಒಂದು ಲೋಟ ಹಿಡಿದ್ರೂ ಕೊಡಪ್ಪ ಇಲ್ಲಿ ಅಂತ ಕಿತ್ಕೋತೀಯ. ಇಲ್ಲಿ ಯಾರೂ ಕಿತ್ಕೊಳಲ್ಲ."

ಚೆಲ್ಲಿಕೊಳ್ಳದಿರಲಿ ಅಂತ ತಾನೇ ಕಿತ್ತುಕೊಂಡಿದ್ದು? ಅವಳು ತಲೆಯ ಸ್ಕಾರ್ಫ್ ಬಿಚ್ಚಿದಳು. ಅವಳಿಗೆ ತುಂಬಾ ನಾಚಿಕೆಯಾಯಿತು. ಹೆಂಗಸು ಸರಿದು ಜಾಗ ಬಿಟ್ಟಳು. ಮಗಳು ಕೂತಳು.

ಅಪ್ಪ ದಾರದ ತುದಿಯನ್ನು ಎಂಜಲು ಮಾಡಿ ಸೂಜಿಗೆ ಹಿಡಿದ. ತಪ್ಪಿತು. ಮತ್ತೆ ಹಿಡಿದ, ಮತ್ತೆ ತಪ್ಪಿತು. ಮಗಳ ಕೈ ತಾನಾಗಿ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದು, ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡು, ಅಲ್ಲಾಡದೆ ಕೂತಳು.