ತುಜ್ಲಾ ಬಸ್ಸಿನ ಫೆಹಿಮ್

ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಫೆಹಿಮ್ ತಿರುಗಿ ನೋಡುತ್ತಿರಲಿಲ್ಲ. ಕತ್ತನ್ನು ಒಂದಿನಿತೂ ಅಲುಗಿಸದೆ, ಕಣ್ಣುಗಳನ್ನು ಮಾತ್ರ ಮೇಲೆತ್ತಿ, ಹಣೆಯ ಮುಂದೆ ಎಲ್ಲೋ ಶೂನ್ಯದಲ್ಲಿ ದೃಷ್ಟಿ ನೆಟ್ಟು, "ಹೇಳಿ" ಎನ್ನುತ್ತಿದ್ದ. ಜೀವಮಾನವೆಲ್ಲ ದೂರದೂರುಗಳ ಬಸ್ಸು ಓಡಿಸಿದವನಿಗೆ ಮನುಷ್ಯರೆಂದರೆ ಮೊದಲು ಕನ್ನಡಿಯಲ್ಲಿ ಕಾಣಿಸಿಕೊಳ್ಳುವವರು, ಆಮೇಲಷ್ಟೇ ಎದುರಿಗೆ ಬಂದು ನಿಲ್ಲುವವರು. ಹೋಟೆಲಿನ ಊಟದ ಕೋಣೆಯಲ್ಲಿ, ಇಲ್ಲದ ಆ ಕನ್ನಡಿಯನ್ನು ಅವನು ದಿಟ್ಟಿಸುವ ಗಾಂಭೀರ್ಯವನ್ನು ಕಂಡು ನಗು ತಡೆಯಲಾರದೆ, ಸ್ವಾಗತದ ಮೇಜಿನಲ್ಲಿ ಕೂರುವ ಸೋಮಾಲಿಯಾದ ಲಿಬಾನ್ ಬೇಕೆಂದೇ ಅವನ ಬೆನ್ನ ಹಿಂದೆ ಹೋಗಿ ನಿಂತು, "ಅಣ್ಣಾ, ಹಿಂದಿನ ಸೀಟಲ್ಲಿ ಯಾರೋ ವಾಂತಿ ಮಾಡ್ಕೊಂಡ್ರು!" ಎಂದು ಕೂಗುತ್ತಿದ್ದ. ಫೆಹಿಮ್ ಕಣ್ಣು ಮೇಲೆತ್ತಿ, ಪರಿಶೀಲಿಸಿ, "ಪೊಲಾಕೊ, ಪೊಲಾಕೊ" ಎಂದು ತನ್ನ ಕಾಫಿಗೆ ಮರಳುತ್ತಿದ್ದ. ಅವನ ಬೋಸ್ನಿಯಾದ ನುಡಿಯಲ್ಲಿ ಅದಕ್ಕೆ ನಿಧಾನ, ನಿಧಾನ ಎಂದರ್ಥ. ಸಂತೈಸುವುದಕ್ಕೂ ಗದರುವುದಕ್ಕೂ ಅವನಲ್ಲಿದ್ದ ಮಾತು ಅದೊಂದೇ.

ವಿಯೆನ್ನಾದ ಎರ್ಡ್‌ಬರ್ಗ್ ಬಸ್ ನಿಲ್ದಾಣದಿಂದ ಸ್ವಲ್ಪ ಮುಂದೆ, ಹಿಂದೊಮ್ಮೆ ದಾದಿಯರ ವಸತಿಗೃಹವಾಗಿದ್ದ ಹಳೆಯ ಕಟ್ಟಡದಲ್ಲಿ ಆ ಹೋಟೆಲು ಇದೆ. ಸೇವಾಸಂಸ್ಥೆಯೊಂದು ಅದನ್ನು ನಡೆಸುತ್ತದೆ. ದೇಶ ಬಿಟ್ಟು ಬಂದವರೇ ಅಲ್ಲಿ ಅಡುಗೆಯವರು, ಹಾಸಿಗೆ ಹಾಸುವವರು, ಬೀಗದ ಕೈ ಕೊಡುವವರು. ಒಂದು ಕುರ್ಚಿಯಂತೆ ಇನ್ನೊಂದಿಲ್ಲ, ಒಂದು ಪರದೆಯಂತೆ ಇನ್ನೊಂದಿಲ್ಲ. ಊರವರು ಬೇಡವೆಂದು ಬಿಟ್ಟ ಪೀಠೋಪಕರಣಗಳೆಲ್ಲ ಅಲ್ಲಿ ಬಣ್ಣ ಬಳಿಸಿಕೊಂಡು ಎರಡನೆಯ ಆಯುಷ್ಯ ಪಡೆದಿವೆ. ನನ್ನ ಮನೆಯ ನೀರಿನ ಕೊಳವೆ ಒಡೆದು ಗೋಡೆಗಳೆಲ್ಲ ನೆನೆದ ಚಳಿಗಾಲದಲ್ಲಿ, ಅಗ್ಗವೆಂಬ ಒಂದೇ ಕಾರಣಕ್ಕೆ ನಾನು ಅಲ್ಲಿ ತಂಗಲು ಹೋದವಳು. ಗೋಡೆ ಒಣಗಿದ ಮೇಲೂ ಮನಸ್ಸು ಅಲ್ಲಿಂದ ಏಳಲಿಲ್ಲ. ಶಾಲೆಯಿಂದ ನಿವೃತ್ತಳಾಗಿದ್ದೆ, ಶನಿವಾರ ಮಧ್ಯಾಹ್ನ ಅಲ್ಲಿನ ಕೆಲಸಗಾರರಿಗೆ ಜರ್ಮನ್ ಪಾಠ ಹೇಳತೊಡಗಿದೆ. ಅವರ ಬಾಯಲ್ಲಿ ನಾನು ಪ್ರೊಫೆಸರಮ್ಮ ಆದೆ.

ಫೆಹಿಮ್ ಶನಿವಾರ ಬೆಳಿಗ್ಗೆ ಬೋಸ್ನಿಯಾದ ತುಜ್ಲಾ ಪಟ್ಟಣದಿಂದ ಬಸ್ಸು ತಂದು ನಿಲ್ಲಿಸಿ, ಒಂದು ರಾತ್ರಿ ತಂಗಿ, ಭಾನುವಾರ ತಿಂಡಿ ಮುಗಿಸಿ ಹೊರಡುವ ಅತಿಥಿ. ಹಡಗಿನಿಂದ ಇಳಿದವನಂತೆ ಕಾಲನ್ನು ಅಗಲಿಸಿ, ನೆಲವನ್ನು ನಂಬದೆ ನಡೆಯುವ ನಡಿಗೆ. ಬೇಸಿಗೆಯಲ್ಲೂ ಬಿಡದ ಕಂದು ಬಣ್ಣದ ಕಾರ್ಡುರಾಯ್ ಕೋಟು. ಅದರ ತೋಳು ಮಣಿಕಟ್ಟಿಗಿಂತ ಮೇಲೆಯೇ ನಿಂತುಬಿಡುತ್ತಿತ್ತು. ಅದು ಅವನ ಅಣ್ಣನದು. ಯುದ್ಧದ ವರ್ಷಗಳಲ್ಲಿ ಮನೆಯಿಂದ ಹೊರಗೆ ಹೋದ ಅಣ್ಣ ಹಿಂತಿರುಗಲಿಲ್ಲ. ತಾಯಿ ವರ್ಷಗಟ್ಟಲೆ ಊಟಕ್ಕೆ ಒಂದು ತಟ್ಟೆ ಹೆಚ್ಚು ಇಟ್ಟಳು. ಕೊನೆಗೆ ಮೂಳೆಗಳು ಸಿಕ್ಕವು ಎಂಬ ಸುದ್ದಿ ಬಂದಾಗ ಆಕೆ ಮೊದಲ ಬಾರಿಗೆ ರಾತ್ರಿಯಿಡೀ ನಿದ್ದೆ ಮಾಡಿದಳಂತೆ. ಇದನ್ನು ಫೆಹಿಮ್ ನನಗೆ ಒಮ್ಮೆ ಮಾತ್ರ, ಸಕ್ಕರೆಯ ತುಂಡನ್ನು ಕಾಫಿಯಲ್ಲಿ ಅದ್ದಿ ಕಚ್ಚುತ್ತಾ, ಹವಾಮಾನದ ಮಾತಿನಂತೆ ಹೇಳಿದ್ದ. ಅವನು ಮದುವೆಯಾಗಿರಲಿಲ್ಲ. ಏಕೆ ಎಂದು ಕೇಳಿದವರಿಗೆ, "ಯಾವಾಗ್ಲೂ ಬಸ್ಸು ಹೊರಡೋ ಟೈಮ್ ಆಗ್ತಿತ್ತು" ಎನ್ನುತ್ತಿದ್ದ.

ಕಾಫಿಯ ವಿಷಯದಲ್ಲಿ ಅವನು ಹಠಮಾರಿ. ವಿಯೆನ್ನಾದ ಕಾಫಿ ಕಾಯಿಲೆಯವರಿಗೆ ಸರಿ ಎಂಬುದು ಅವನ ಸಿದ್ಧಾಂತ. ಚೀಲದಲ್ಲಿ ಸದಾ ಒಂದು ಪುಟ್ಟ ತಾಮ್ರದ ಪಾತ್ರೆ ಇರುತ್ತಿತ್ತು. ಅದನ್ನು ಹಿಡಿದುಕೊಂಡು ಅವನು ನೇರವಾಗಿ ಅಡುಗೆಮನೆಗೆ ನುಗ್ಗಿದ ದಿನವೇ ಸಿರಾನುಶ್‌ಳ ಪರಿಚಯವಾದದ್ದು. ಸಿರಿಯಾದ ಅಲೆಪ್ಪೊ ನಗರದ ಅರ್ಮೇನಿಯನ್ ಹೆಂಗಸು ಅವಳು. ಹೋಟೆಲಿನ ಬೆಳಗಿನ ತಿಂಡಿಯೆಲ್ಲ ಅವಳ ಸಾಮ್ರಾಜ್ಯ: ಸೊಪ್ಪುಪುಡಿ ಉದುರಿಸಿದ ರೊಟ್ಟಿ, ಆಲಿವ್, ಅಂಜೂರದ ಪಾಕ.

"ಹೊರಗ್ ನಡೀರಿ. ಇದೇನ್ ಬಸ್ ಸ್ಟ್ಯಾಂಡಾ?"

"ಒಲೆ ಮೂಲೇಲಿ ಸ್ವಲ್ಪ ಜಾಗ ಸಾಕು, ತಾಯಿ. ನಮ್ಮ ಕಾಫಿ ನಾನೇ ಕಾಯಿಸ್ಕೋತೀನಿ."

"ನಿಮ್ ಕಾಫಿನಾ? ಆ ಪಾತ್ರೆ ನಮ್ದು, ಕಾಫಿ ನಮ್ದು, ಕಾಯಿಸೋ ರೀತಿ ನಮ್ದು. ಕದ್ದಿದ್ದು ಮಾತ್ರ ನಿಮ್ದು!"

"ಕದ್ದಿದ್ದು ತುರ್ಕರು. ನಮ್ಮನ್ನ ಆಳಿ ಹೋಗುವಾಗ ಅವರು ಬಿಟ್ಟೋಗಿದ್ದು ಅಷ್ಟೇ ಇದು."

ಅವಳು ನಕ್ಕುಬಿಟ್ಟಳು. ಏಲಕ್ಕಿ ಹಾಕಿ ತಾನೇ ಕಾಯಿಸಿ ಕೊಟ್ಟಳು. ಏಲಕ್ಕಿ ಹಾಕಿದರೆ ಕಾಫಿ ಕೆಟ್ಟಿತು ಎಂದು ಅದುವರೆಗೆ ವಾದಿಸುತ್ತಿದ್ದವನು ತಳದ ಗಸಿಯವರೆಗೂ ಕುಡಿದ. ಮುಂದಿನ ಶನಿವಾರ ಆ ತಾಮ್ರದ ಪಾತ್ರೆ ಅವನ ಚೀಲದಲ್ಲಿ ಇರಲಿಲ್ಲ. ಲಿಬಾನ್ ನನ್ನತ್ತ ನೋಡಿ ಹುಬ್ಬು ಹಾರಿಸಿದ.

ಅದಾದ ಮೇಲೆ ಫೆಹಿಮ್ ನನ್ನ ಪಾಠಕ್ಕೂ ಬಂದು ಕೂರತೊಡಗಿದ. ಗಡಿ ಕಾಯುವ ಪೊಲೀಸರ ಜೊತೆ ಜಗಳವಾಡಿಯೇ ಜರ್ಮನ್ ಕಲಿತವನಿಗೆ ನಾನು ಹೇಳಿಕೊಡುವುದು ಏನೂ ಇರಲಿಲ್ಲ. ಆದರೂ ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಸಿರಾನುಶ್ ಕೂರುವ ಸಾಲಿನ ಹಿಂದಿನ ಸಾಲಿನಲ್ಲಿ, ವಿನಯಶೀಲ ವಿದ್ಯಾರ್ಥಿಯಾಗಿ ಕೂರುತ್ತಿದ್ದ. ಭೂತಕಾಲದ ಪಾಠ ನಡೆದ ದಿನ ನನಗೆ ಚೆನ್ನಾಗಿ ನೆನಪಿದೆ. ಪ್ರತಿಯೊಬ್ಬರೂ ತಮ್ಮ ಹಿಂದಿನ ಬದುಕಿನ ಬಗ್ಗೆ ಒಂದು ವಾಕ್ಯ ಹೇಳಬೇಕಿತ್ತು. ಸಿರಾನುಶ್ ಎದ್ದು ನಿಂತು, "ನನ್ನ ಯಜಮಾನ್ರು ಗಡಿಯಾರ ರಿಪೇರಿ ಮಾಡ್ತಾರೆ" ಎಂದಳು.

"ಮಾಡ್ತಿದ್ರು" ಎಂದು ತಿದ್ದಿದೆ.

"ಮಾಡ್ತಾರೆ" ಎಂದಳು. ಕೂತುಬಿಟ್ಟಳು.

ಅವಳ ಗಂಡ ನಜರೆತ್‌ನನ್ನು ಅಲೆಪ್ಪೊದ ಹೊರಗಿನ ಒಂದು ತಪಾಸಣೆಯ ಠಾಣೆಯಲ್ಲಿ, ಅಲ್ಲಿನ ಯುದ್ಧದ ಕಾಲದಲ್ಲಿ, ಸೈನಿಕರು ಬಸ್ಸಿನಿಂದ ಇಳಿಸಿಕೊಂಡು ಹೋಗಿದ್ದರು. ಮತ್ತೆ ಸುದ್ದಿಯಿಲ್ಲ. ಅವಳ ಅಡುಗೆಮನೆಯ ಗೋಡೆಯಲ್ಲಿ, ಒಣಮೆಣಸಿನ ಸರದ ಪಕ್ಕದಲ್ಲಿ, ದಪ್ಪ ಮೀಸೆಯ ಆತನ ಚಿತ್ರವಿತ್ತು. ಪಾಠ ಮುಗಿದು ಎಲ್ಲರೂ ಎದ್ದಾಗ, ಫೆಹಿಮ್ ಆ ಗೋಡೆಯ ಮುಂದೆ ನಿಂತು ತನ್ನ ಫೋನಿನಲ್ಲಿ ಚಿತ್ರವನ್ನು ಸೆರೆಹಿಡಿಯುತ್ತಿದ್ದುದನ್ನು ಕಂಡೆ. ನಾನು ಕಂಡೆನೆಂದು ತಿಳಿದು ಬಾಲಕನಂತೆ ಕೆಂಪಾದ.

ಆ ಕಾಲದಲ್ಲಿ ಉತ್ತರಕ್ಕೆ ಹೋಗುವ ವಲಸೆಯ ಜನ ತುಜ್ಲಾದ ಬಸ್ ನಿಲ್ದಾಣದಲ್ಲಿ ಬಂದು ಬೀಳುತ್ತಿದ್ದರು; ಅಲ್ಲಿಂದ ಗಡಿಯ ಹತ್ತಿರದ ಬಿಹಾಚ್ ಪಟ್ಟಣಕ್ಕೆ ಹೋಗಿ ಆಚೆ ದಾಟಲು ಕಾಯುತ್ತಿದ್ದರು. ಫೆಹಿಮ್ ಬಸ್ಸು ತೊಳೆದು ನಿಲ್ಲಿಸಿದ ಮೇಲೆ ಅವರ ನಡುವೆ ಹೋಗಿ ಕುಕ್ಕರಗಾಲಲ್ಲಿ ಕೂತು, ಬ್ರೆಡ್ಡು ಹಂಚುತ್ತಾ, ಆ ಮೀಸೆಯ ಚಿತ್ರ ತೋರಿಸುತ್ತಿದ್ದ. ಋತುಗಳು ಕಳೆದವು. ಯಾರೂ ಗುರುತಿಸಲಿಲ್ಲ. ಇದ್ಯಾವುದನ್ನೂ ಅವನು ಸಿರಾನುಶ್‌ಗೆ ಹೇಳಿರಲಿಲ್ಲ. ನನಗೆ ತಿಳಿದದ್ದು ಸಹ ಬಹಳ ತಡವಾಗಿ, ಒಂದು ಶನಿವಾರ ಮಧ್ಯಾಹ್ನ, ಹೋಟೆಲಿನ ಹಿತ್ತಿಲ ಬೆಂಚಿನ ಮೇಲೆ ಅವನು ನನ್ನ ಪಕ್ಕ ಬಂದು ಕೂತು ಬಹಳ ಹೊತ್ತು ತನ್ನ ಗಿಡ್ಡ ತೋಳುಗಳನ್ನು ಎಳೆದುಕೊಳ್ಳುತ್ತಿದ್ದ ಮೇಲೆ.

"ಸಿಕ್ಕಿದಾರೆ, ಪ್ರೊಫೆಸರಮ್ಮ."

ಗೋಡೆಯ ಚಿತ್ರದ ಆ ದಪ್ಪ ಮೀಸೆ ನನ್ನ ಕಣ್ಣ ಮುಂದೆ ಬಂತು.

ನಿಲ್ದಾಣದಲ್ಲಿ ಒಬ್ಬ ಸಿರಿಯಾದವನು ಚಿತ್ರ ನೋಡಿ, ಮೀಸೆ ತೆಗೆದು ನೋಡಿದರೆ ಇದು ಬಿಹಾಚ್‌ನ ಶಿಬಿರದಲ್ಲಿ ತನ್ನ ಕೈಗಡಿಯಾರ ಸರಿಮಾಡಿಕೊಟ್ಟ ಅರ್ಮೇನಿಯನ್ ಇರಬೇಕು ಎಂದಿದ್ದನಂತೆ. ರಜೆಯ ದಿನ ಫೆಹಿಮ್ ಅಲ್ಲಿಗೆ ಹೋದ. ಕಾಲು ಮುರಿದು, ಕೋಲು ಹಿಡಿದು, ಕಿಟಕಿಯ ಬೆಳಕಿಗೆ ಒಂದು ಗಡಿಯಾರ ಒಡ್ಡಿಕೊಂಡು ಕೂತಿದ್ದ ಮನುಷ್ಯನ ಮುಂದೆ, ಸೌಟು ಹಿಡಿದು ನಿಂತ ಸಿರಾನುಶ್‌ಳ ಚಿತ್ರ ಇಟ್ಟ.

"ನೋಡಿದ್ರು. 'ಈ ಮುದುಕಿ ಯಾರು?' ಅಂದ್ರು. ಆಮೇಲೆ ಕೈ ತಾನಾಗೇ ಬಾಯಿ ಮೇಲೆ ಹೋಯ್ತು. ಸೆರೆಯಿಂದ ಬಿಟ್ಟಾಗ ಬೀದಿ ಪೂರ್ತಿ ಕುಸಿದಿತ್ತಂತೆ. ಒಳಗಿದ್ದೋರು ಯಾರೂ ಉಳಿದಿಲ್ಲ ಅಂತ ಅಕ್ಕಪಕ್ಕದೋರು ಹೇಳಿದ್ರಂತೆ. ಸತ್ತೋಗಿದಾಳೆ ಅಂದ್ಕೊಂಡೇ ಇಷ್ಟು ದೂರ ನಡ್ಕೊಂಡ್ ಬಂದಿದಾರೆ."

ನಾನು ಅವನ ಮುಖ ನೋಡಿದೆ. ಏನನ್ನು ಹುಡುಕಿದೆನೋ ಅದು ಅಲ್ಲೇ ಇತ್ತು. ಮುಚ್ಚಿಡುವ ಕಲೆ ಅವನಿಗೆ ಬಾರದು. ಆ ಬಿಹಾಚ್‌ಗೂ ಈ ವಿಯೆನ್ನಾಕ್ಕೂ ನಡುವೆ ಇದ್ದ ಏಕೈಕ ದಾರಿ ಅವನೇ. ಅವಳ ಚಿತ್ರ ತೋರಿಸದೆ ಅವನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ; ಇನ್ನೆರಡು ವರ್ಷ ಏಲಕ್ಕಿ ಕಾಫಿ ಕುಡಿಯುತ್ತಾ ಕಾದಿದ್ದರೆ, ಯಾರು ಬಲ್ಲರು. "ಫೆಹಿಮ್..." ಎಂದೆ.

"ಹೇಳ್ಬೇಕಾ ಬೇಡ್ವಾ ಅಂತ ಕೇಳ್ತಿಲ್ಲ ನಾನು" ಎಂದ, ನನ್ನ ಮನಸ್ಸನ್ನು ಓದಿದವನಂತೆ. "ಹೆಂಗ್ ಹೇಳ್ಬೇಕು ಅಂತ ಕೇಳ್ತಿದೀನಿ. ನನ್ ಜರ್ಮನ್ ಪೊಲೀಸ್ರಿಗೆ ಸರಿ ಹೋಗುತ್ತೆ, ಇಂಥದಕ್ಕೆ ಸಾಲಲ್ಲ. ನಾಳೆ ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ತಪ್ಪಾದ್ರೆ ತಿದ್ದಿ."

ಭಾನುವಾರ ತಿಂಡಿಯ ಗಲಾಟೆ ಮುಗಿದ ಮೇಲೆ ನಾವಿಬ್ಬರೂ ಅಡುಗೆಮನೆಗೆ ಹೋದೆವು. ಅವಳು ತಟ್ಟೆ ತೊಳೆಯುತ್ತಿದ್ದಳು. ಫೆಹಿಮ್ ನೀರಿನ ನಲ್ಲಿಯನ್ನು ತಾನೇ ನಿಲ್ಲಿಸಿದ.

"ನಿಮ್ಮ ಯಜಮಾನ್ರು ಗಡಿಯಾರ ರಿಪೇರಿ ಮಾಡ್ತಾರೆ" ಎಂದ.

"ಹೌದು" ಎಂದಳು ಅವಳು, ಇದೇನು ಹೊಸದೆಂಬಂತೆ.

"ಬಿಹಾಚಲ್ಲಿ ಮಾಡ್ತಾರೆ. ನಾನು ನೋಡ್ದೆ."

ನಾನು ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವನು ಫೋನು ತೆಗೆದು ಚಿತ್ರ ತೋರಿಸಿದ: ಮೀಸೆಯಿಲ್ಲದ, ನರೆತ, ನಗಲು ಪ್ರಯತ್ನಿಸುತ್ತಿರುವ ಒಬ್ಬ ಮನುಷ್ಯ. ಸಿರಾನುಶ್ ಅದನ್ನು ನೋಡಿದಳು. ಒದ್ದೆ ಕೈಯಿಂದ ಫೆಹಿಮ್‌ನ ಎದೆಗೆ ಒಂದು ಹೊಡೆದಳು. ಮತ್ತೊಂದು ಹೊಡೆದಳು.

"ಕೂತ್ಕೊಂಡ್ ತಿಂಡಿ ತಿಂದ್ರಲ್ರೀ! ಇದನ್ನ ಜೇಬಲ್ಲಿ ಇಟ್ಕೊಂಡು ಎರಡೆರಡು ರೊಟ್ಟಿ ತಿಂದ್ರಲ್ಲ! ತಿಂದಾದ್ಮೇಲೆ ಬಂದ್ ಹೇಳ್ತೀರಾ?"

"ಖಾಲಿ ಹೊಟ್ಟೇಲಿ ಧೈರ್ಯ ಬರ್ಲಿಲ್ಲ" ಎಂದ ಫೆಹಿಮ್. "ಪೊಲಾಕೊ, ತಾಯಿ. ಪೊಲಾಕೊ."

ಆಗ ಅವಳು ನೆಲದ ಮೇಲೆ ಕುಸಿದು ಕೂತಳು. ನಾನು ಅವಳ ಪಕ್ಕ ಕೂತೆ. ಹೊರಗೆ ಬಂದು ನೋಡುವಾಗ ಅವನು ಹೊರಟು ಹೋಗಿದ್ದ, ಬಸ್ಸಿನ ಹೊತ್ತಾಗಿತ್ತು.

ಕಾಗದಪತ್ರಗಳ ಕೆಲಸವನ್ನು ಸೇವಾಸಂಸ್ಥೆಯ ವಕೀಲರು ಹಿಡಿದರು. ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ತೆವಳುತ್ತಾ ಹೋಯಿತು. ಅಷ್ಟೂ ಕಾಲ ಫೆಹಿಮ್ ಶನಿವಾರ ಶನಿವಾರ ಅಂಜೂರದ ಪಾಕದ ಖಾಲಿ ಸೀಸೆಗಳನ್ನು ಬಿಹಾಚ್‌ನಿಂದ ತಂದು, ಭಾನುವಾರ ತುಂಬಿದ ಸೀಸೆಗಳನ್ನು ಒಯ್ಯುತ್ತಿದ್ದ. ಅವನ ಬಸ್ಸಿನ ದಾರಿಗೆ ಬಿಹಾಚ್ ಸೇರುವುದೇ ಇಲ್ಲವೆಂದು ನಕಾಶೆ ನೋಡಿದವರಿಗೆ ತಿಳಿಯುತ್ತದೆ. ಕೊನೆಗೆ ಅನುಮತಿ ಬಂತು. ನಜರೆತ್ ಬಂದದ್ದು ಫೆಹಿಮ್‌ನ ಬಸ್ಸಿನಲ್ಲೇ, ಅವನ ಬಲಗಡೆಯ ಮೊದಲ ಸೀಟಿನಲ್ಲಿ.

ಎರ್ಡ್‌ಬರ್ಗ್ ನಿಲ್ದಾಣದಲ್ಲಿ ನಾವೆಲ್ಲ ಕಾದಿದ್ದೆವು. ಕೋಲೂರಿಕೊಂಡು ಒಬ್ಬ ಸಣಕಲ ಮನುಷ್ಯ ಮೆಟ್ಟಿಲಿಳಿದ. ಸಿರಾನುಶ್ ಓಡಲಿಲ್ಲ, ಅಪ್ಪಿಕೊಳ್ಳಲಿಲ್ಲ, ಹತ್ತಿರ ಹೋಗಿ ಆತನ ಅಂಗಿಯ ಕಾಲರ್ ಸರಿಮಾಡಿ, "ಎಷ್ಟ್ ಹೊತ್ರೀ ನಿಮ್ದು?" ಎಂದಳು. ಫೆಹಿಮ್ ಎಲ್ಲಿ ಎಂದು ನಾನು ಸುತ್ತ ನೋಡಿದೆ. ಬಸ್ಸಿನ ಆಚೆ ಮಗ್ಗುಲಲ್ಲಿ, ಸಾಮಾನು ತುಂಬುವ ಗೂಡಿನೊಳಗೆ ಅರ್ಧ ಮೈ ತೂರಿಸಿ, ಪ್ರಯಾಣಿಕರೆಲ್ಲ ತಮ್ಮ ಚೀಲಗಳನ್ನು ಒಯ್ದಾದ ಮೇಲೂ, ಬರಿದಾದ ಆ ಗೂಡನ್ನು ಅವನು ಅತ್ಯಂತ ಶ್ರದ್ಧೆಯಿಂದ ತಡಕುತ್ತಿದ್ದ.

ಇನ್ನು ಅವನು ಬರಲಾರ ಎಂದುಕೊಂಡೆ. ಮುಂದಿನ ಶನಿವಾರ ಅದೇ ಕೋಟಿನಲ್ಲಿ ಬಂದ. ಅದರ ಮುಂದಿನದಕ್ಕೂ ಬಂದ. ಈಗ ತಿಂಡಿಯ ಮೇಜಿನಲ್ಲಿ ಅವನೆದುರು ನಜರೆತ್ ಕೂರುತ್ತಿದ್ದ. ಇಬ್ಬರೂ ದಾಳ ಉರುಳಿಸಿ ಪಗಡೆಯಂಥ ತಮ್ಮ ತಾವ್ಲಾ ಆಡುತ್ತಿದ್ದರು. ನಜರೆತ್ ನಿರ್ಲಜ್ಜವಾಗಿ ಮೋಸ ಮಾಡುತ್ತಿದ್ದ. ಫೆಹಿಮ್ ಕಂಡೂ ಕಾಣದಂತೆ ಸೋಲುತ್ತಿದ್ದ. ಲಿಬಾನ್ ಈಗ ಹುಬ್ಬು ಹಾರಿಸುವುದನ್ನು ಬಿಟ್ಟಿದ್ದ. ಒಂದು ದಿನ ತಡೆಯಲಾರದೆ ನಾನೇ ಕೇಳಿದೆ: "ಯಾಕೆ ಹೀಗೆ ನಿಮ್ಮನ್ನ ನೀವೇ ನೋಯಿಸ್ಕೋತೀರಿ? ಬೇರೆ ದಾರಿಯ ಬಸ್ಸು ಕೇಳಬಾರದಾ?"

"ನಾನ್ ಬರೋದು ನಿಲ್ಸಿದ್ರೆ ಆಕೆಗೆ ಗೊತ್ತಾಗ್ಬಿಡುತ್ತೆ, ಪ್ರೊಫೆಸರಮ್ಮ" ಎಂದ.

ನಿವೃತ್ತಿಯಾಗುವವರೆಗೂ ಬಂದ. ಕೊನೆಯ ಭಾನುವಾರ ಎಲ್ಲರ ಕೈ ಕುಲುಕಿದ, ನಜರೆತ್‌ನನ್ನು ತಬ್ಬಿಕೊಂಡ, ಸಿರಾನುಶ್ ಕಟ್ಟಿಕೊಟ್ಟ ರೊಟ್ಟಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನೆಲವನ್ನು ನಂಬದ ಅದೇ ನಡಿಗೆಯಲ್ಲಿ ಬೀದಿಗೆ ಇಳಿದ. ನಾನೂ ಸಿರಾನುಶ್‌ಳೂ ಕಿಟಕಿಯಲ್ಲಿ ನಿಂತಿದ್ದೆವು. ಅವನು ತಿರುವಿನಲ್ಲಿ ಮರೆಯಾದ.

"ನಂಗೇನೂ ಗೊತ್ತಿಲ್ಲ ಅಂದ್ಕೊಂಡೇ ಹೋದ್ರು" ಎಂದಳು ಸಿರಾನುಶ್. "ಹಾಗೇ ಇರ್ಲಿ ಬಿಡಿ. ಅಷ್ಟಾದ್ರೂ ಅವರಿಗೆ ಉಳೀಲಿ."

ಫೆಹಿಮ್‌ನಂಥವರನ್ನು ತ್ಯಾಗಿಗಳೆಂದು ಕರೆದರೆ ಅವರು ಸಂಕೋಚದಿಂದ ಕೋಟಿನ ತೋಳು ಎಳೆದುಕೊಂಡಾರು. ತಮಗೆ ಬೇಕಾದದ್ದು ಏನೆಂದು ಅವರಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಅದರ ಹಂಬಲ ಕೊನೆಯವರೆಗೂ ಆರುವುದಿಲ್ಲ. ಆದರೆ ಕಾಯುವ ಜೀವದ ಸಂಕಟವನ್ನು ತಮ್ಮದೇ ಮನೆಯ ಊಟದ ಮೇಜಿನಲ್ಲಿ ಕಂಡು ಬೆಳೆದ ಅವರಿಂದ, ಇನ್ನೊಬ್ಬರನ್ನು ಅದೇ ಸಂಕಟದಲ್ಲಿ ಬಿಟ್ಟು ಸುಖಪಡುವುದು ಮಾತ್ರ ಆಗದು. ಅಂಥವರಿಗೆ ಜಗತ್ತು ಒಂದು ಹೆಸರಿಟ್ಟಿಲ್ಲ, ಇಡಬೇಕಾಗಿಯೂ ಇಲ್ಲ. ನಮ್ಮ ಈ ದೊಡ್ಡ ನಗರಗಳ ಅಗ್ಗದ ತಂಗುದಾಣಗಳಲ್ಲಿ ಅವರು ಒಬ್ಬಂಟಿಯಾಗಿ ತಿಂಡಿ ತಿಂದು ಎದ್ದು ಹೋಗುತ್ತಾರೆ. ಅವರ ದೆಸೆಯಿಂದ ಎಲ್ಲೋ ಒಂದು ಪುಟ್ಟ ಮನೆಯಲ್ಲಿ ಗಂಡ ಹೆಂಡತಿ, ಉಪ್ಪು ಹೆಚ್ಚಾಯಿತೆಂಬ ಕಾರಣಕ್ಕೆ, ನೆಮ್ಮದಿಯಾಗಿ ಜಗಳವಾಡುತ್ತಿರುತ್ತಾರೆ.