ಹಾರ ಹಾಕಲು ಬಂದವನು

ಶಿವನಂಜಪ್ಪ ಹಾರ ಹಿಡಿದು ಎದ್ದು ನಿಂತಾಗ ಹಿಂದಿನ ಸಾಲಿನವರು "ಕೂತ್ಕೊಳ್ಳಿ ಸಾರ್" ಎಂದರು. ಅವನು ಕೇಳಿಸಿಕೊಳ್ಳಲಿಲ್ಲ. ಮೈಸೂರಿನ ಈ ವಿಶ್ವವಿದ್ಯಾಲಯದ ರಂಗಮಂದಿರಕ್ಕೆ ಅವನು ಬಂದದ್ದು ಇದೇ ಮೊದಲು. ಬಿಳಿಕೆರೆ ಕಡೆಯ ಊರುಗಳಲ್ಲಿ ದುರ್ಯೋಧನನ ಪಾತ್ರವೆಂದರೆ ಅವನೇ. ಅಲ್ಲಿ ಪಾತ್ರಧಾರಿ ರಂಗಕ್ಕೆ ಬಂದೊಡನೆ ನೆಂಟರು ಮೇಲೇರಿ ಹಾರ ಹಾಕುತ್ತಾರೆ. ಆಟ ನಿಲ್ಲುತ್ತದೆ, ಹಾಕಿದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ, ಮತ್ತೆ ಆಟ. ಹಾಕದಿದ್ದರೆ ಪಾತ್ರಧಾರಿಗೆ ಅವಮಾನ.

"ಎಲ್ಲಿಗೆ?" ಸುನಂದಮ್ಮ ಗಂಡನ ಪಂಚೆ ಹಿಡಿದಳು. "ಬ್ಯಾರೆ ಯಾರೂ ಆಕ್ತಿಲ್ವಲ್ರೀ."

"ಅವ್ರ ಮಕ್ಳಿಗೆ ಅಪ್ಪದೀರು ಇಲ್ದಿದ್ರೆ ನಾನೇನ್ಮಾಡ್ಲಿ? ಬುಡಮ್ಮಿ."

ಡಿಗ್ರಿ ಮುಗಿಸಿ ನಾಟಕ ಓದಲು ಸೇರಿದ್ದ ಮಗಳು ಸೌಂದರ್ಯಳ ವಿಷಯ ಇವತ್ತು ತೀರ್ಮಾನವಾಗಬೇಕಿತ್ತು. ಅವಳ ಆಟ ತನ್ನ ಮನಸ್ಸಿಗೆ ಬಂದರೆ ಓದಲಿ, ಇಲ್ಲದಿದ್ದರೆ ಬಿಡಿಸಿ ಬಿ.ಎಡ್.ಗೆ ಸೇರಿಸುವುದು ಎಂದು ಅವನು ಮನೆಯಲ್ಲೇ ಹೇಳಿ ಬಂದಿದ್ದ.

ರಂಗದ ಮೇಲೆ ಸೌಂದರ್ಯ ಒಂಟಿ ಮುದುಕಿಯಾಗಿ ರಾಗಿ ಬೀಸುತ್ತಿದ್ದಳು. ಶಿವನಂಜಪ್ಪ ಚಪ್ಪಲಿ ಕಳಚಿ, ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಮೇಲೇರಿದ. ಸೇವಂತಿಗೆ ಹಾರ ಅವಳ ಕೊರಳಿಗೆ ಬಿತ್ತು. ಜನರ ಕಡೆ ತಿರುಗಿ ಕೈಮುಗಿದು, ತನ್ನ ಹೆಸರು ಕೂಗುವುದನ್ನು ಕಾದ. ಯಾರೂ ಕೂಗಲಿಲ್ಲ. ಪಕ್ಕದ ಪರದೆಯ ಮರೆಯಿಂದ ನಿರ್ದೇಶಕ, ಇಳಿಯಿರಿ ಎಂದು ಕೈಬೀಸುತ್ತಿದ್ದ. ಯಾರೋ ಕಿಸಕ್ಕೆಂದರು.

ಊರಿನಲ್ಲಾಗಿದ್ದರೆ ಪಾತ್ರಧಾರಿ ಎದ್ದು ಕೈಮುಗಿಯಬೇಕು. ಸೌಂದರ್ಯ ಬೀಸುಕಲ್ಲಿನ ಗೂಟ ಬಿಡಲಿಲ್ಲ. ಕಣ್ಣು ಕಿರಿದು ಮಾಡಿ ಅಪ್ಪನನ್ನು ನೋಡಿದಳು.

"ಯಾರಪ್ಪಾ ನೀನು? ಕಣ್ಣು ಮಂಜು, ಗುರ್ತು ಸಿಗ್ನಿಲ್ಲ. ಯಾವೂರು?"

ಶಿವನಂಜಪ್ಪನ ಮುಖ ಕಪ್ಪಿಟ್ಟಿತು. ಯಾವ ರಂಗದ ಮೇಲೂ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೆಗಲ ಟವೆಲು ಸರಿಮಾಡಿಕೊಂಡ.

"ದಾರಿ ತಪ್ಪಿ ಬಂದೆ ಕಣವ್ವ," ಎಂದ. "ಅಟ್ಟೀಲಿ ಯಾರೂ ಇಲ್ವಾ?"

"ನಾನಿಲ್ವಾ? ಗಡಿಗೇಲಿ ನೀರದೆ, ಕುಡ್ಕೊಂಡು ಓಗು."

ಅವನು ಗಡಿಗೆಯತ್ತ ನಡೆದ. ಖಾಲಿ ಗಡಿಗೆಯನ್ನು ಬಗ್ಗಿಸಿ, ಬೊಗಸೆಯಲ್ಲಿ ಇಲ್ಲದ ನೀರು ಕುಡಿದು, ಬಾಯಿ ಒರೆಸಿಕೊಂಡು ಇಳಿದ. ನಾಟಕದಲ್ಲೇ ಇದ್ದದ್ದೆಂದು ಜನ ಚಪ್ಪಾಳೆ ತಟ್ಟಿದರು.

ನಾಟಕ ಮುಗಿದ ಮೇಲೆ ಗಂಡ ಹೆಂಡತಿ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತರು.

"ಆಟದಾಗೆ ಅಂದವ್ಳೆ. ಬ್ಯಾಸ್ರ ಮಾಡ್ಕಬ್ಯಾಡಿ," ಎಂದಳು ಸುನಂದಮ್ಮ.

"ಯಾರ ಮಗಳೋ ಅನ್ನಿಸ್ಬುಡ್ತು ಕಣಮ್ಮಿ, ಒಂದ್ಗಳಿಗೆ."

"ಬಿ.ಎಡ್.ಗೆ ಏನ್ ಮಾಡಾದು, ಅಂಗಾರೆ?"

"ಸುಮ್ಕಿರು."

ಸೌಂದರ್ಯ ಹೊರಗೆ ಬಂದಳು. ಕೂದಲಿಗೆ ಬಳಿದ ಬಿಳಿ ಇನ್ನೂ ಹೋಗಿರಲಿಲ್ಲ. ಹತ್ತಿರ ಬರಲು ಅನುಮಾನಿಸಿ ಮೆಟ್ಟಿಲ ಬಳಿಯೇ ನಿಂತಳು. ಶಿವನಂಜಪ್ಪ ಎದ್ದ. ಹೆಗಲ ಟವೆಲು ತೆಗೆದು, ತಾನು ಕೂತಿದ್ದ ಜಾಗವನ್ನು, ಹಿರಿಯರು ಬಂದಾಗ ಮಾಡುವಂತೆ, ಒರೆಸತೊಡಗಿದ.